ಸೃಷ್ಟಿಯೆಲ್ಲಕ್ಕೂ ಸೋದರರಾದ ಸಂತ ಫ್ರಾನ್ಸಿಸ್

ಮಹಾತ್ಮರು ಹುಟ್ಟುವ ಊರು ಒಂದು. ಅವರನ್ನು ನೆನೆಯುವ ಊರುಗಳು ಸಾವಿರಾರು. ಇಟಲಿ ದೇಶದ ಅಸಿಸಿ ಎಂಬ ಪುಟ್ಟ ಪಟ್ಟಣದಲ್ಲಿ ಎಂಟು ಶತಮಾನಗಳ ಹಿಂದೆ ಬಾಳಿದ ಸಂತ ಫ್ರಾನ್ಸಿಸರು ಅಂಥ ಮಹಾತ್ಮರಲ್ಲಿ ಒಬ್ಬರು. ಸೂರ್ಯಚಂದ್ರರನ್ನು, ಗಾಳಿನೀರುಗಳನ್ನು, ಹಕ್ಕಿಪಕ್ಷಿಗಳನ್ನು, ಕಡೆಗೆ ಮರಣವನ್ನೂ ಒಡಹುಟ್ಟಿದವರೆಂದು ಕರೆದ ಸಂತರೆಂದು ಲೋಕ ಅವರನ್ನು ಕೊಂಡಾಡುತ್ತದೆ.

ದೂರದೇಶದ ಈ ಕ್ರೈಸ್ತ ಸಂತರ ಚರಿತ್ರೆಗೂ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ. ರಾಯದುರ್ಗ, ಮಡಕಶಿರಾಗಳದು ಮಳೆಗಾಗಿ ಮುಗಿಲು ನೋಡುವ ಸೀಮೆ. ಹನಿ ನೀರಿನ ಬೆಲೆಯನ್ನು ಇಲ್ಲಿನ ಮಕ್ಕಳಿಗೆ ಪಾಠ ಹೇಳಿ ಕಲಿಸಬೇಕಾಗಿಲ್ಲ. ನೀರನ್ನೂ ನೆಲವನ್ನೂ ಬರಿಯ ಸರಕೆಂದು ಎಣಿಸಿದರೆ ಆಗುವುದೇನು ಎಂಬುದನ್ನು ನಾವು ಕಣ್ಣಾರೆ ಕಂಡವರು. ಅವುಗಳನ್ನು ಬಂಧುಗಳೆಂದು ಭಾವಿಸಿದರೆ ಬಾಳು ಹೇಗಿರುತ್ತದೆ ಎಂಬುದನ್ನು ತೋರಿಸಿದವರು ಫ್ರಾನ್ಸಿಸರು. ಆ ಭಾವ ಅವರಿಗೆ ಸುಲಭವಾಗಿ ದಕ್ಕಿದ್ದಲ್ಲ. ಅದಕ್ಕೆ ಅವರು ತೆತ್ತ ಬೆಲೆಯ ಕಥೆಯೇ ಅವರ ಜೀವನಚರಿತ್ರೆ.

ವರ್ತಕನ ಮಗ

ಮಧ್ಯ ಇಟಲಿಯ ಉಂಬ್ರಿಯ ಪ್ರಾಂತದಲ್ಲಿ, ಸುಬಾಸಿಯೊ ಬೆಟ್ಟದ ಇಳಿಜಾರಿನಲ್ಲಿ ಅಸಿಸಿ ಪಟ್ಟಣವಿದೆ. ಅಲ್ಲಿನ ಶ್ರೀಮಂತ ಬಟ್ಟೆ ವ್ಯಾಪಾರಿ ಪಿಯೆತ್ರೊ ಬೆರ್ನಾರ್ದೋನೆ ಮತ್ತು ಪೀಕಾ ದಂಪತಿಗಳ ಮಗನಾಗಿ ಫ್ರಾನ್ಸಿಸ್ ಜನಿಸಿದ್ದು 1181ರಲ್ಲಿ ಅಥವಾ 1182ರಲ್ಲಿ. ದೀಕ್ಷಾಸ್ನಾನದಲ್ಲಿ ತಾಯಿ ಇಟ್ಟ ಹೆಸರು ಜೊವಾನ್ನಿ. ಫ್ರಾನ್ಸ್ ದೇಶದೊಡನೆ ವ್ಯಾಪಾರ ನಡೆಸುತ್ತಿದ್ದ ತಂದೆ ಊರಿಗೆ ಮರಳಿದ ಮೇಲೆ ಮಗನನ್ನು ಫ್ರಾನ್ಚೆಸ್ಕೊ ಎಂದು ಕರೆದ. ಆ ಹೆಸರೇ ನಿಂತಿತು.

ಹಣಕ್ಕೆ ಕೊರತೆಯಿಲ್ಲದ ಮನೆಯಲ್ಲಿ ಹುಡುಗ ಸುಖವಾಗಿ ಬೆಳೆದ. ಹಾಡು, ಔತಣ, ಬಣ್ಣದ ಉಡುಪು ಅವನಿಗೆ ಪ್ರಿಯವಾಗಿದ್ದವು. ಊರಿನ ಯುವಕರಿಗೆಲ್ಲ ಅವನೇ ಮುಂದಾಳು. ಯುದ್ಧವೀರನಾಗಿ ಹೆಸರು ಗಳಿಸಬೇಕೆಂಬುದು ಅವನ ಹಂಬಲ. 1202ರಲ್ಲಿ ನೆರೆಯ ಪೆರೂಜಿಯ ನಗರದೊಡನೆ ಅಸಿಸಿಗೆ ಯುದ್ಧವಾಯಿತು. ಅಸಿಸಿ ಸೋತಿತು, ಫ್ರಾನ್ಸಿಸ್ ಸೆರೆಸಿಕ್ಕ. ಸುಮಾರು ಒಂದು ವರ್ಷ ಬಂದಿಯಾಗಿದ್ದು, ಬಿಡುಗಡೆಯಾಗಿ ಬಂದವನು ಕಾಯಿಲೆಯಿಂದ ಹಾಸಿಗೆ ಹಿಡಿದ. ಚೇತರಿಸಿಕೊಂಡು ಹೊರಗೆ ಬಂದು ನೋಡಿದಾಗ ಹೊಲತೋಟಗಳ ಚೆಲುವು ಮೊದಲಿನಂತೆ ಮನಸ್ಸನ್ನು ಹಿಗ್ಗಿಸಲಿಲ್ಲವೆಂದು ಅವರ ಮೊದಲ ಚರಿತ್ರಕಾರ ಚೆಲಾನೊದ ತೋಮಾಸ್ ಬರೆದಿದ್ದಾರೆ. ಸೃಷ್ಟಿಯನ್ನು ಹಾಡಿ ಹೊಗಳಿದವರ ಬಾಳಿನಲ್ಲಿ ಮೊದಲು ಬಂದದ್ದು ಸೃಷ್ಟಿಯೇ ಸಪ್ಪೆಯಾಗಿ ಕಂಡ ಕಾಲ ಎಂಬುದು ಗಮನಾರ್ಹ.

ಅವನು ಮತ್ತೊಮ್ಮೆ ಕುದುರೆ ಏರಿ ದಕ್ಷಿಣದ ಯುದ್ಧಕ್ಕೆ ಹೊರಟ. ಆದರೆ ದಾರಿಯ ಸ್ಪೊಲೆತೊದಲ್ಲಿ ರಾತ್ರಿ ಕಂಡ ಕನಸೊಂದು ಮನಸ್ಸನ್ನು ಕಲಕಿತು. ಒಡೆಯನನ್ನು ಬಿಟ್ಟು ಆಳಿನ ಸೇವೆ ಮಾಡುವುದೇಕೆ ಎಂಬ ಪ್ರಶ್ನೆ ಎದ್ದಿತು. ಅವನು ಅಲ್ಲಿಂದಲೇ ಹಿಂತಿರುಗಿದ.

ಕುಷ್ಠರೋಗಿಯ ಎದುರಿನಲ್ಲಿ

ಫ್ರಾನ್ಸಿಸನ ಬಾಳು ತಿರುವು ಪಡೆದದ್ದು ಹಕ್ಕಿಗಳ ನಡುವೆ ಅಲ್ಲ, ಕುಷ್ಠರೋಗಿಗಳ ನಡುವೆ. ಆ ಕಾಲದಲ್ಲಿ ಕುಷ್ಠರೋಗಿಗಳನ್ನು ಊರಾಚೆ ಇಡುತ್ತಿದ್ದರು. ಅವರನ್ನು ದೂರದಿಂದ ಕಂಡರೂ ಫ್ರಾನ್ಸಿಸನಿಗೆ ಅಸಹ್ಯವಾಗುತ್ತಿತ್ತು; ಮೂಗು ಮುಚ್ಚಿಕೊಳ್ಳುತ್ತಿದ್ದ. ಒಂದು ದಿನ ಕುದುರೆಯ ಮೇಲೆ ಹೋಗುತ್ತಿರುವಾಗ ಕುಷ್ಠರೋಗಿಯೊಬ್ಬ ಎದುರಾದ. ಫ್ರಾನ್ಸಿಸ್ ಅಂದು ಕುದುರೆಯಿಂದ ಇಳಿದು ಹತ್ತಿರ ಹೋಗಿ, ಅವನಿಗೆ ಹಣ ಕೊಟ್ಟು, ಅವನ ಕೈಗೆ ಮುತ್ತಿಟ್ಟ. ಆಮೇಲೆ ಅವರ ಬೀಡಿಗೇ ಹೋಗಿ ಹುಣ್ಣು ತೊಳೆದು ಸೇವೆ ಮಾಡತೊಡಗಿದ.

ಸಾಯುವ ಮುನ್ನ ಬರೆಯಿಸಿದ ತಮ್ಮ ಕೊನೆಯ ಪತ್ರದಲ್ಲಿ ಫ್ರಾನ್ಸಿಸರು ತಮ್ಮ ಹೊಸ ಬಾಳಿನ ಆರಂಭವನ್ನು ಗುರುತಿಸಿದ್ದು ಈ ಘಟನೆಯಿಂದಲೇ. ಕಹಿಯಾಗಿದ್ದದ್ದು ಅಲ್ಲಿ ಸಿಹಿಯಾಯಿತೆಂದು ಅವರು ಅದರಲ್ಲಿ ಹೇಳಿಕೊಂಡಿದ್ದಾರೆ. ಎಲ್ಲರೂ ದೂರ ತಳ್ಳಿದ ಮನುಷ್ಯನಲ್ಲಿ ದೇವರನ್ನು ಕಂಡ ಕಣ್ಣಿಗೇ ಆಮೇಲೆ ಹುಳುಹುಪ್ಪಟೆಯಲ್ಲಿಯೂ ದೇವರು ಕಂಡದ್ದು. ಈ ಕ್ರಮವನ್ನು ಮರೆತರೆ ಅವರ ಜೀವಕಾರುಣ್ಯ ಅರ್ಥವಾಗುವುದಿಲ್ಲ.

ಬಿಷಪ್ಪರ ಸಮ್ಮುಖದಲ್ಲಿ

ಅಸಿಸಿಯ ಹೊರವಲಯದಲ್ಲಿ ಸಂತ ದಮಿಯಾನೊ ಹೆಸರಿನ ಹಳೆಯ ದೇವಾಲಯವೊಂದು ಪಾಳುಬಿದ್ದಿತ್ತು. ಅಲ್ಲಿನ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ, ಬೀಳುತ್ತಿರುವ ನನ್ನ ಮನೆಯನ್ನು ಸರಿಪಡಿಸು ಎಂದು ಕ್ರಿಸ್ತನೇ ನುಡಿದಂತೆ ಫ್ರಾನ್ಸಿಸನಿಗೆ ಕೇಳಿಸಿತು. ಅವನು ತಂದೆಯ ಅಂಗಡಿಯ ಬಟ್ಟೆಯನ್ನು ಫೊಲಿನ್ಯೊ ಪೇಟೆಗೆ ಒಯ್ದು, ಬಟ್ಟೆಯ ಜೊತೆಗೆ ಕುದುರೆಯನ್ನೂ ಮಾರಿ, ಆ ಹಣವನ್ನು ದೇವಾಲಯದ ಪಾದ್ರಿಗೆ ಕೊಡಹೋದ. ಪಾದ್ರಿ ಹೆದರಿ ಒಲ್ಲೆನೆಂದಾಗ ಹಣವನ್ನು ಕಿಟಕಿಯ ಅಂಚಿಗೆ ಎಸೆದುಬಿಟ್ಟ.

ತಂದೆಯ ಸಿಟ್ಟು ಮಿತಿಮೀರಿತು. ಮಗನನ್ನು ಮನೆಯಲ್ಲಿ ಕೂಡಿಹಾಕಿದ, ಹೊಡೆದ; ಕಡೆಗೆ ಬಿಷಪ್ ಗೀದೊ ಅವರ ಮುಂದೆ ನ್ಯಾಯಕ್ಕೆ ಎಳೆದ. ಹಣ ತಂದೆಯದು, ಹಿಂದಿರುಗಿಸು ಎಂದು ಬಿಷಪ್ಪರು ತೀರ್ಪಿತ್ತರು. ಆ ತೀರ್ಪು ನ್ಯಾಯವಾದದ್ದೇ. ಫ್ರಾನ್ಸಿಸ್ ಹಣವನ್ನಷ್ಟೇ ಅಲ್ಲ, ಮೈಮೇಲಿನ ಬಟ್ಟೆಯನ್ನೂ ಕಳಚಿ ತಂದೆಯ ಮುಂದಿಟ್ಟು ಬರಿಮೈಯಲ್ಲಿ ನಿಂತ. ಇನ್ನು ಮುಂದೆ ತನಗೆ ಪರಲೋಕದಲ್ಲಿರುವ ತಂದೆ ಒಬ್ಬನೇ ಎಂದು ನೆರೆದವರ ಮುಂದೆ ಸಾರಿದ. ಬಿಷಪ್ಪರು ತಮ್ಮ ನಿಲುವಂಗಿಯನ್ನೇ ಅವನಿಗೆ ಹೊದಿಸಿದರು. ಇದು ನಡೆದದ್ದು 1206ರಲ್ಲಿ.

ಅರಮನೆಯನ್ನೂ ಉಡುಗೆತೊಡುಗೆಯನ್ನೂ ತೊರೆದು ನಡೆದ ಅಕ್ಕಮಹಾದೇವಿಯನ್ನು ಬಲ್ಲ ಕನ್ನಡಿಗರಿಗೆ, ರಾಯದುರ್ಗದ ರಸಸಿದ್ಧರ ಗುಡ್ಡದಲ್ಲಿ ಜೈನ ಶಿಲ್ಪಗಳನ್ನು ನೋಡಿ ಬೆಳೆದ ನಮಗೆ, ಈ ದೃಶ್ಯ ಅಪರಿಚಿತವೆನಿಸದು. ಆದರೆ ಆ ತ್ಯಾಗದ ನೋವನ್ನು ಮರೆಯಬಾರದು. ಆಮೇಲೆ ಬೀದಿಯಲ್ಲಿ ಮಗ ಎದುರಾದಾಗಲೆಲ್ಲ ತಂದೆ ಶಪಿಸುತ್ತಿದ್ದ. ಆ ಶಾಪವನ್ನು ತಾಳಲಾರದೆ ಫ್ರಾನ್ಸಿಸರು ಒಬ್ಬ ಬಡವನನ್ನು ತಂದೆಯಾಗಿ ಭಾವಿಸಿ ಜೊತೆಗೆ ಕರೆದೊಯ್ದು, ಶಾಪ ಕೇಳಿದೊಡನೆ ಅವನಿಂದ ಆಶೀರ್ವಾದ ಪಡೆಯುತ್ತಿದ್ದರಂತೆ. ತಂದೆ ಮಗ ಮತ್ತೆ ಒಂದಾದರೆಂಬ ಮಾತು ಹಳೆಯ ಚರಿತ್ರೆಗಳಲ್ಲಿ ಬರುವುದಿಲ್ಲ. ಲೋಕಕ್ಕೆಲ್ಲ ಸೋದರರಾದವರ ಬಾಳಿನಲ್ಲಿ ಈ ಒಂದು ಬಿರುಕು ಹಾಗೆಯೇ ಉಳಿಯಿತು.

ಬಡತನವೆಂಬ ವ್ರತ

ಫ್ರಾನ್ಸಿಸರು ಕಲ್ಲು ಬೇಡಿ ತಂದು, ಹೊತ್ತು, ಪಾಳು ದೇವಾಲಯಗಳನ್ನು ತಮ್ಮ ಕೈಯಿಂದಲೇ ಕಟ್ಟಿದರು. ಅವುಗಳಲ್ಲಿ ಪೋರ್ಸಿಯುಂಕುಲ ಎಂಬ ಚಿಕ್ಕ ದೇವಾಲಯ ಅವರಿಗೆ ಅತ್ಯಂತ ಪ್ರಿಯವಾದದ್ದು. ಹಣ, ಜೋಳಿಗೆ, ಎರಡನೆಯ ಅಂಗಿ ಯಾವುದೂ ಇಲ್ಲದೆ ಹೋಗಿ ಸಾರಿರೆಂದು ಯೇಸು ಶಿಷ್ಯರಿಗೆ ಹೇಳಿದ ಶುಭಸಂದೇಶದ ಭಾಗವನ್ನು ಅವರು ಅಲ್ಲಿ ಕೇಳಿದರು. ಕೇಳಿದೊಡನೆ ಪಾದರಕ್ಷೆಯನ್ನೂ ಕೋಲನ್ನೂ ಬಿಟ್ಟು, ನಡುವಿಗೆ ಹಗ್ಗ ಬಿಗಿದರು. ಶ್ರೀಮಂತ ಬೆರ್ನಾರ್ದ್ ತನ್ನ ಆಸ್ತಿಯನ್ನು ಬಡವರಿಗೆ ಹಂಚಿ ಅವರ ಜೊತೆ ಸೇರಿದ. ಒಬ್ಬೊಬ್ಬರಾಗಿ ಹನ್ನೊಂದು ಮಂದಿ ಆದರು. 1209ರ ಸುಮಾರಿಗೆ ಅವರೆಲ್ಲ ರೋಮಿಗೆ ನಡೆದುಹೋಗಿ ಪೋಪ್ ಮೂರನೆಯ ಇನ್ನೊಸೆಂಟರಿಂದ ತಮ್ಮ ಬಾಳುವೆಗೆ ಬಾಯಿಮಾತಿನ ಒಪ್ಪಿಗೆ ಪಡೆದರು. ತಮ್ಮನ್ನು ಅವರು ಕಿರಿಯ ಸೋದರರು ಎಂದು ಕರೆದುಕೊಂಡರು. 1212ರಲ್ಲಿ ಅಸಿಸಿಯ ಕುಲೀನ ಮನೆತನದ ಕನ್ಯೆ ಕ್ಲಾರಾ ಇದೇ ಹಾದಿ ಹಿಡಿದಳು. ಸಂತ ದಮಿಯಾನೊ ದೇವಾಲಯದ ಬಳಿ ಸಂನ್ಯಾಸಿನಿಯರ ಮಠ ನೆಲೆಗೊಂಡಿತು.

ಈ ಸೋದರರು ಹೊಲಗಳಲ್ಲಿ ಕೂಲಿ ಮಾಡುತ್ತಿದ್ದರು. ಕೂಲಿಯಾಗಿ ಹಣ ಮುಟ್ಟದೆ ಊಟವನ್ನಷ್ಟೇ ಪಡೆಯುತ್ತಿದ್ದರು. ಅದೂ ಸಿಗದ ದಿನ ಭಿಕ್ಷೆ. ಆಸ್ತಿಯಿದ್ದರೆ ಅದನ್ನು ಕಾಯಲು ಆಯುಧ ಬೇಕಾಗುತ್ತದೆ, ಅದರಿಂದ ಜಗಳ ಹುಟ್ಟುತ್ತದೆ, ದೇವರ ಮೇಲಣ ಪ್ರೀತಿಯೂ ನೆರೆಯವರ ಮೇಲಣ ಪ್ರೀತಿಯೂ ಕೆಡುತ್ತವೆ ಎಂದು ಫ್ರಾನ್ಸಿಸರು ಬಿಷಪ್ಪರಿಗೆ ವಿವರಿಸಿದ್ದರು. ಅವರ ಸಂತತ್ವದ ಗುಟ್ಟು ಇಲ್ಲಿದೆ. ನನ್ನದು ಎಂಬ ಮಾತನ್ನು ಬಿಟ್ಟವರಿಗೆ ಲೋಕದಲ್ಲಿ ಪರರದು ಎಂಬುದೂ ಉಳಿಯಲಿಲ್ಲ. ಒಡೆತನ ಹೋದ ಕಡೆ ನಂಟು ಬಂದಿತು.

ಜೀವರಾಶಿಯೊಡನೆ ನಂಟು

ಕಣ್ಣಿಗೆ ಕಾಣುವ ಜಗತ್ತು ದುಷ್ಟಶಕ್ತಿಯ ಸೃಷ್ಟಿ, ದೇಹವೆಂಬುದು ಸೆರೆಮನೆ ಎಂದು ಬೋಧಿಸುತ್ತಿದ್ದ ಪಂಥವೊಂದು ಆ ಕಾಲದಲ್ಲಿ ದಕ್ಷಿಣ ಫ್ರಾನ್ಸ್ ಮತ್ತು ಉತ್ತರ ಇಟಲಿಯಲ್ಲಿ ಹಬ್ಬಿತ್ತು. ಫ್ರಾನ್ಸಿಸರು ಅದಕ್ಕೆ ವಾದದಿಂದ ಉತ್ತರ ಕೊಡಲಿಲ್ಲ, ಬಾಳುವೆಯಿಂದ ಕೊಟ್ಟರು. ಎಲ್ಲವನ್ನೂ ಸೃಷ್ಟಿಸಿದವನು ಒಬ್ಬನೇ ತಂದೆಯಾದರೆ ಸೃಷ್ಟಿಯಾದದ್ದೆಲ್ಲವೂ ಒಡಹುಟ್ಟು ಎಂಬುದು ಅವರ ಸರಳ ತರ್ಕ. ಅವರು ಸೃಷ್ಟಿಯನ್ನು ದೇವರೆಂದು ಪೂಜಿಸಲಿಲ್ಲ. ದೇವರ ಕೈಯ ಗುರುತನ್ನು ಅದರಲ್ಲೆಲ್ಲ ಕಂಡು ಗೌರವಿಸಿದರು.

ಬೆವಾನ್ಯ ಎಂಬ ಊರಿನ ಹತ್ತಿರ ದಾರಿಯ ಪಕ್ಕ ನೆರೆದಿದ್ದ ಹಕ್ಕಿಗಳ ಹಿಂಡಿಗೆ ಅವರು ಉಪದೇಶ ಮಾಡಿದ ಕಥೆ ಪ್ರಸಿದ್ಧ. ಗರಿ, ಗೂಡು, ಕಾಳು ಎಲ್ಲವನ್ನೂ ಬಿತ್ತದೆ ಬೆಳೆಯದೆ ಪಡೆದ ನೀವು ಸೃಷ್ಟಿಕರ್ತನನ್ನು ಹೊಗಳಬೇಕು ಎಂದು ಅವರು ಹೇಳಿದರಂತೆ. ದಾರಿಯಲ್ಲಿ ಕಂಡ ಹುಳುವನ್ನು ಯಾರೂ ತುಳಿಯದಿರಲೆಂದು ಎತ್ತಿ ಬದಿಗಿಡುತ್ತಿದ್ದರು. ಚಳಿಗಾಲದಲ್ಲಿ ಜೇನುಹುಳುಗಳಿಗೆ ಜೇನನ್ನೂ ದ್ರಾಕ್ಷಾರಸವನ್ನೂ ಇಡಿಸುತ್ತಿದ್ದರು. ಸೌದೆ ಕಡಿಯುವ ಸೋದರರಿಗೆ, ಮರ ಮತ್ತೆ ಚಿಗುರುವ ಆಸೆ ಉಳಿಯುವಂತೆ ಬುಡವನ್ನು ಬಿಟ್ಟು ಕಡಿಯಿರೆಂದು ಹೇಳುತ್ತಿದ್ದರು. ಕಾಯಿಪಲ್ಲೆಯ ತೋಟದಲ್ಲಿ ಒಂದಷ್ಟು ಜಾಗವನ್ನು ಹುಲ್ಲಿಗೂ ಹೂವಿಗೂ ಬಿಡಿಸುತ್ತಿದ್ದರು.

ಒಕ್ಕಲುತನದ ನಮಗೆ ಅವರ ಇನ್ನೊಂದು ಬಯಕೆ ಹೆಚ್ಚು ಹತ್ತಿರವಾಗುತ್ತದೆ. ಚಕ್ರವರ್ತಿಯನ್ನು ಕಾಣುವ ಅವಕಾಶ ದೊರೆತರೆ, ಕ್ರಿಸ್ತಜಯಂತಿಯ ದಿನ ಬಾನಾಡಿಗಳಿಗಾಗಿ ಊರ ಹೊರಗಣ ದಾರಿಗಳಲ್ಲಿ ಕಾಳು ಚೆಲ್ಲಬೇಕು, ಎತ್ತು ಕತ್ತೆಗಳಿಗೆ ಹೊಟ್ಟೆತುಂಬ ಮೇವು ಹಾಕಬೇಕು ಎಂದು ಕಾನೂನು ಮಾಡಿಸುವೆನೆಂದು ಅವರು ಹೇಳುತ್ತಿದ್ದರು. ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸುವ ನಮ್ಮ ರೈತನಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕೆ? 1223ರ ಕ್ರಿಸ್ತಜಯಂತಿಯ ರಾತ್ರಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅವರು ಹುಲ್ಲು ಹಾಸಿದ ಗೋದಲಿಯನ್ನು ಸಿದ್ಧಪಡಿಸಿ, ನಿಜವಾದ ಎತ್ತು ಕತ್ತೆಗಳನ್ನು ನಿಲ್ಲಿಸಿ ಪೂಜೆ ನಡೆಸಿದರು. ಇಂದು ಕ್ರೈಸ್ತರ ಮನೆಮನೆಗಳಲ್ಲಿ ಗೋದಲಿ ಕಟ್ಟುವ ಪದ್ಧತಿ ಹರಡಲು ಆ ರಾತ್ರಿಯೇ ಪ್ರೇರಣೆ. ಗುಬ್ಬಿಯೊ ಊರನ್ನು ಕಾಡುತ್ತಿದ್ದ ತೋಳವನ್ನು ಒಲಿಸಿ, ಊರವರು ಅದಕ್ಕೆ ದಿನವೂ ಆಹಾರ ಕೊಡುವಂತೆ ಒಪ್ಪಂದ ಮಾಡಿಸಿದ ಕಥೆ ಮಾತ್ರ ಅವರ ಕಾಲದ ನಂತರದ ಗ್ರಂಥದಲ್ಲಿ ಬರುವುದು. ಅದನ್ನು ಐತಿಹ್ಯವೆಂದೇ ಓದಬೇಕು. ಆದರೂ ಹಸಿವೇ ತೋಳವನ್ನು ಕ್ರೂರವಾಗಿಸಿತೆಂಬ ಅದರ ತಿಳಿವು ಸಂತರ ಮನಸ್ಸಿಗೆ ತಕ್ಕದ್ದೇ ಆಗಿದೆ.

ಸುಲ್ತಾನನ ಬೀಡಿನಲ್ಲಿ

ಕ್ರೈಸ್ತ ಸೇನೆಗಳಿಗೂ ಮುಸಲ್ಮಾನ ಸೇನೆಗಳಿಗೂ ಧರ್ಮಯುದ್ಧಗಳು ನಡೆಯುತ್ತಿದ್ದ ಕಾಲವದು. 1219ರಲ್ಲಿ ಫ್ರಾನ್ಸಿಸರು ಈಜಿಪ್ಟಿನ ದಮಿಯೆತ್ತಾ ನಗರವನ್ನು ಮುತ್ತಿದ್ದ ಕ್ರೈಸ್ತ ಸೇನೆಯ ಪಾಳೆಯಕ್ಕೆ ಹೋದರು. ಅಲ್ಲಿಂದ ಒಬ್ಬ ಸಂಗಾತಿಯೊಡನೆ, ಆಯುಧವಿಲ್ಲದೆ, ಸುಲ್ತಾನ ಅಲ್ ಕಾಮಿಲನ ಬೀಡನ್ನು ಹೊಕ್ಕರು. ತಮ್ಮ ನಂಬಿಕೆಯನ್ನು ಮುಚ್ಚಿಡದೆ ಹೇಳಿದರು. ಸುಲ್ತಾನ ಮತಾಂತರವಾಗಲಿಲ್ಲ, ಆದರೆ ತಾಳ್ಮೆಯಿಂದ ಕೇಳಿ, ಗೌರವದಿಂದ ಅವರನ್ನು ಸುರಕ್ಷಿತವಾಗಿ ಕಳುಹಿಸಿಕೊಟ್ಟ. ಯುದ್ಧ ನಿಲ್ಲಲಿಲ್ಲ. ಲೌಕಿಕ ದೃಷ್ಟಿಯಲ್ಲಿ ಆ ಪಯಣ ವಿಫಲವೇ. ಆದರೆ ಶತ್ರುವೆಂದು ಸಾರಿದವನನ್ನೂ ಮನುಷ್ಯನಾಗಿ ಎದುರುಗೊಂಡ ಆ ಭೇಟಿಯನ್ನು ಲೋಕ ಇಂದಿಗೂ ನೆನೆಯುತ್ತಿದೆ.

ಕತ್ತಲೆಯಲ್ಲಿ ಹುಟ್ಟಿದ ಸೂರ್ಯಗೀತೆ

ಈಜಿಪ್ಟಿನಿಂದ ಮರಳಿದ ಫ್ರಾನ್ಸಿಸರಿಗೆ ಎರಡು ನೋವುಗಳು ಕಾದಿದ್ದವು. ಮೊದಲನೆಯದು ತಮ್ಮ ಸಂಘದ್ದೇ. ಹನ್ನೆರಡು ಮಂದಿಯ ಗುಂಪು ಸಾವಿರಾರು ಮಂದಿಯ ಸಂಘವಾಗಿತ್ತು. ಮನೆಗಳು, ಪುಸ್ತಕಗಳು, ಪದವಿಗಳು ಬರತೊಡಗಿದ್ದವು. ಪೋರ್ಸಿಯುಂಕುಲದಲ್ಲಿ ತಾವಿಲ್ಲದಾಗ ಎದ್ದ ಕಲ್ಲಿನ ಕಟ್ಟಡವನ್ನು ಕಂಡು ಫ್ರಾನ್ಸಿಸರು ಮಾಡು ಹತ್ತಿ ಹೆಂಚುಗಳನ್ನು ಕಿತ್ತೆಸೆಯತೊಡಗಿದರು. ಅದು ಸಂಘದ ಆಸ್ತಿಯಲ್ಲ, ಪಟ್ಟಣದವರದು ಎಂದು ಅಧಿಕಾರಿಗಳು ಹೇಳಿದ ಮೇಲೆಯೇ ಕೆಳಗಿಳಿದರು. 1220ರಲ್ಲಿ ಅವರು ಸಂಘದ ಹಿರಿತನವನ್ನೇ ಬಿಟ್ಟುಕೊಟ್ಟು ಸಾಮಾನ್ಯ ಸೋದರರಾದರು. ತಾವು ಕಟ್ಟಿದ್ದನ್ನೂ ತಮ್ಮದೆನ್ನದಿರುವುದು ಬಟ್ಟೆ ಕಳಚಿ ಕೊಟ್ಟದ್ದಕ್ಕಿಂತ ಕಠಿಣವಾದ ತ್ಯಾಗವಾಗಿತ್ತು. ಸಂಘದ ನಿಯಮಾವಳಿಗೆ ಪೋಪ್ ಮೂರನೆಯ ಹೊನೋರಿಯುಸರ ಮುದ್ರೆ ಬಿದ್ದದ್ದು 1223ರ ನವೆಂಬರ್ 29ರಂದು.

ಎರಡನೆಯದು ದೇಹದ ನೋವು. ಪೂರ್ವದೇಶದಲ್ಲಿ ಅಂಟಿದ ಕಣ್ಣಿನ ಬೇನೆ ಬಲಿಯಿತು. 1224ರ ಸೆಪ್ಟೆಂಬರಿನಲ್ಲಿ ಲಾ ವೆರ್ನಾ ಬೆಟ್ಟದಲ್ಲಿ ಧ್ಯಾನದಲ್ಲಿದ್ದಾಗ ಶಿಲುಬೆಗೇರಿದ ಕ್ರಿಸ್ತನ ಪಂಚಗಾಯಗಳು ಅವರ ಮೈಮೇಲೆ ಮೂಡಿದವೆಂದು ಕ್ರೈಸ್ತ ಪರಂಪರೆ ನಂಬುತ್ತದೆ. ನಡೆಯಲಾರದೆ, ಕಾಣಲಾರದೆ 1225ರಲ್ಲಿ ಅವರು ಸಂತ ದಮಿಯಾನೊದ ಬಳಿ ಚಾಪೆಯಿಂದ ಮರೆಮಾಡಿದ ಒಂದು ಗುಡಿಸಲಿನಲ್ಲಿ ಮಲಗಿದರು. ಐವತ್ತಕ್ಕೂ ಹೆಚ್ಚು ದಿನ ಹಗಲಿನ ಬೆಳಕನ್ನಾಗಲಿ ಇರುಳಿನ ದೀಪವನ್ನಾಗಲಿ ಆ ಕಣ್ಣುಗಳು ತಾಳಲಿಲ್ಲ. ಇಲಿಗಳು ಮೈಮೇಲೆ ಓಡಾಡಿ ನಿದ್ದೆ ಕೆಡಿಸುತ್ತಿದ್ದವು, ಊಟಕ್ಕೂ ಬಿಡುತ್ತಿರಲಿಲ್ಲ.

ಆ ಗುಡಿಸಲಿನಲ್ಲಿಯೇ ಸೂರ್ಯಗೀತೆ ಹುಟ್ಟಿತು. ಬೆಳಕು ಮುಳ್ಳಿನಂತೆ ಚುಚ್ಚುತ್ತಿದ್ದಾಗ ಫ್ರಾನ್ಸಿಸರು ಸೂರ್ಯನನ್ನು ಅಣ್ಣನೆಂದು ಹಾಡಿದರು. ಚಂದ್ರತಾರೆಗಳು ಅಕ್ಕತಂಗಿಯರಾದವು, ಗಾಳಿ, ಬೆಂಕಿ ಸೋದರರಾದವು, ನೀರು ಸೋದರಿಯಾಯಿತು, ಹೂಹಣ್ಣು ಕೊಟ್ಟು ಸಲಹುವ ಭೂಮಿ ತಾಯಿಯೂ ಸೋದರಿಯೂ ಆಯಿತು. ವಿದ್ವಾಂಸರ ಲ್ಯಾಟಿನ್ ಭಾಷೆಯನ್ನು ಬಿಟ್ಟು ತಮ್ಮ ಊರಿನ ಆಡುಮಾತಿನಲ್ಲಿ ಅವರು ಇದನ್ನು ರಚಿಸಿದರು. ಇಟಾಲಿಯನ್ ಸಾಹಿತ್ಯದ ಅತ್ಯಂತ ಹಳೆಯ ಕವಿತೆಗಳಲ್ಲಿ ಇದೂ ಒಂದು. ತಾಯ್ನುಡಿಯ ಶಾಲೆಯೊಂದರ ಸಂಚಿಕೆಯಲ್ಲಿ ಈ ಮಾತನ್ನು ವಿಶೇಷವಾಗಿ ನೆನೆಯಬೇಕು. ಅಸಿಸಿಯ ಬಿಷಪ್ಪರಿಗೂ ನಗರಾಧಿಕಾರಿಗೂ ಜಗಳವಾಗಿದೆ ಎಂದು ತಿಳಿದಾಗ ಅವರು ಕ್ಷಮೆಯನ್ನು ಕುರಿತ ಪದ್ಯವನ್ನು ಸೇರಿಸಿ, ಇಬ್ಬರ ಮುಂದೆಯೂ ಹಾಡಿಸಿದರು. ಆ ಇಬ್ಬರೂ ಒಂದಾದರು.

ಕಣ್ಣಿನ ಚಿಕಿತ್ಸೆಗಾಗಿ ವೈದ್ಯರು ಕೆನ್ನೆಯಿಂದ ಹುಬ್ಬಿನವರೆಗೆ ಕಾದ ಕಬ್ಬಿಣದಿಂದ ಬರೆ ಎಳೆದರು. ಅದಕ್ಕೆ ಮುನ್ನ ಫ್ರಾನ್ಸಿಸರು ಬೆಂಕಿಯನ್ನು ಸೋದರನೆಂದು ಕರೆದು, ತಮ್ಮೊಡನೆ ಮೃದುವಾಗಿ ವರ್ತಿಸಬೇಕೆಂದು ಕೇಳಿಕೊಂಡರು. ನೋಡಲಾರದೆ ಜೊತೆಯ ಸೋದರರು ಹೊರಗೆ ಓಡಿದ್ದರು. ಚಿಕಿತ್ಸೆ ಫಲಿಸಲಿಲ್ಲ. ಎಲ್ಲ ಜೀವಿಗಳಿಗೂ ಕರುಣೆ ತೋರಿದ ಅವರು ತಮ್ಮ ದೇಹವನ್ನು ಮಾತ್ರ ಸೋದರ ಕತ್ತೆ ಎಂದು ಕರೆದು ಉಪವಾಸ ಜಾಗರಣೆಗಳಿಂದ ದಂಡಿಸಿದ್ದರು. ಅದಕ್ಕೆ ತಾವು ಅನ್ಯಾಯ ಮಾಡಿದೆವೆಂದು ಕೊನೆಗಾಲದಲ್ಲಿ ಒಪ್ಪಿಕೊಂಡರು. ಸಂತರೂ ತಪ್ಪುತ್ತಾರೆ; ತಪ್ಪನ್ನು ಒಪ್ಪಿಕೊಳ್ಳುವುದೂ ಸಂತತ್ವದ ಲಕ್ಷಣವೇ.

ಸೋದರಿ ಮರಣ

ಸಾವು ಸಮೀಪಿಸಿದೆ ಎಂದು ತಿಳಿದಾಗ ಅವರು ಮರಣವನ್ನೂ ಸೋದರಿಯೆಂದು ಕರೆದು ತಮ್ಮ ಗೀತೆಗೆ ಕೊನೆಯ ಪದ್ಯ ಸೇರಿಸಿದರು. ಪೋರ್ಸಿಯುಂಕುಲಕ್ಕೆ ತಮ್ಮನ್ನು ಹೊರಿಸಿಕೊಂಡು ಹೋಗಿ ಬರಿನೆಲದ ಮೇಲೆ ಮಲಗಿಸಿರೆಂದು ಕೇಳಿದರು. 1226ರ ಅಕ್ಟೋಬರ್ 3ರ ಸಂಜೆ, ಸುಮಾರು 45ರ ಪ್ರಾಯದಲ್ಲಿ, ಅವರು ಪ್ರಾಣ ಬಿಟ್ಟರು. ಅವರಿಗೆ ಪ್ರಿಯವಾಗಿದ್ದ ಬಾನಾಡಿಗಳು ಆ ಮಬ್ಬುಗತ್ತಲೆಯಲ್ಲಿ ಗುಡಿಸಲಿನ ಮೇಲೆ ಹಾಡುತ್ತ ಸುತ್ತಿದವೆಂದು ಹಳೆಯ ಚರಿತ್ರೆಗಳು ಹೇಳುತ್ತವೆ.

ಎರಡೇ ವರ್ಷಗಳಲ್ಲಿ, 1228ರ ಜುಲೈ 16ರಂದು, ಪೋಪ್ ಒಂಬತ್ತನೆಯ ಗ್ರೆಗೊರಿ ಅವರನ್ನು ಸಂತರೆಂದು ಸಾರಿದರು. ಸಮಾಧಿಯ ಮೇಲೆ ಭವ್ಯವಾದ ದೇವಾಲಯ ಎದ್ದಿತು. ಹೆಂಚು ಕಿತ್ತೆಸೆದ ಸಂತರು ಅದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ! ಅವರ ಸಂಘದ ಸಂನ್ಯಾಸಿಗಳು 16ನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ನಮ್ಮ ಕರಾವಳಿಗೂ ಬಂದರು. ಮಂಗಳೂರಿನ ಬಳಿ ನೇತ್ರಾವತಿಯ ದಡದ ಫರಂಗಿಪೇಟೆಯ ಮಠ ಅವರ ಕಾಲದ್ದು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಪರಿಸರ ಕಾಳಜಿಯುಳ್ಳವರ ಪಾಲಕ ಸಂತರೆಂದು ಫ್ರಾನ್ಸಿಸರನ್ನು ಘೋಷಿಸಿದರು. 2013ರಲ್ಲಿ ಪೋಪ್ ಪದವಿಗೇರಿ 2025ರಲ್ಲಿ ನಿಧನರಾದ ಪೋಪ್ ಫ್ರಾನ್ಸಿಸ್ ಈ ಸಂತರ ಹೆಸರನ್ನೇ ಧರಿಸಿದ್ದರು. ಭೂಮಿಯ ರಕ್ಷಣೆಯನ್ನು ಕುರಿತು ಅವರು 2015ರಲ್ಲಿ ಬರೆದ ಪರಿಪತ್ರದ ಹೆಸರು ಸೂರ್ಯಗೀತೆಯಿಂದಲೇ ಬಂದದ್ದು. ಸಂತರ ಹಬ್ಬದ ದಿನವಾದ ಅಕ್ಟೋಬರ್ 4 ಲೋಕದಲ್ಲೆಲ್ಲ ಪ್ರಾಣಿದಿನವಾಗಿಯೂ ಆಚರಣೆಯಲ್ಲಿದೆ.

ನಮ್ಮ ನೆಲದಲ್ಲಿ

ಈ ಚರಿತ್ರೆಯನ್ನು ಓದಿ ನಾವು ನಮ್ಮ ಸೀಮೆಯ ಕಡೆಗೆ ಕಣ್ಣು ಹೊರಳಿಸೋಣ. ವೇದಾವತಿ ನಮ್ಮ ಹಗರಿ. ಅದರ ಒಣಪಾತ್ರದ ಮರಳು ಗಾಳಿಗೆ ಎದ್ದು ಕಣೇಕಲ್ಲು, ಬೊಮ್ಮನಹಾಳು ಕಡೆಯ ಹೊಲಗಳನ್ನು ಮುಚ್ಚುತ್ತದೆ. ಮಡಕಶಿರಾ ಕಡೆಯ ರೈತ ಶೇಂಗಾ ಬಿತ್ತಿ ಮೋಡದ ದಾರಿ ಕಾಯುತ್ತಾನೆ. ನೊಳಂಬರು ಆಳಿದ ಹೆಂಜೇರಿನ ವೈಭವವೂ ಇದೇ ಒಣನೆಲದಲ್ಲಿ ಅರಳಿತ್ತು. ಹನಿ ನೀರನ್ನು ಕೆರೆಯಲ್ಲಿ ನಿಲ್ಲಿಸಿ, ಅದನ್ನು ಪೂಜಿಸಿ, ಹಂಚಿಕೊಂಡು ಉಂಡ ಹಿರಿಯರ ಬಾಳುವೆ ಈ ಸೀಮೆಯದು.

ಸೃಷ್ಟಿ ಪವಿತ್ರವೆಂದು ಹಸಿರು ಸಮೃದ್ಧಿಯ ನಡುವೆ ಕುಳಿತು ಹೇಳುವುದು ಸುಲಭ. ಬರದ ನಡುವೆ ನಿಂತು ಹೇಳುವುದು ಕಷ್ಟ. ಫ್ರಾನ್ಸಿಸರು ಹೇಳಿದ್ದು ಕಷ್ಟದ ನಡುವೆಯೇ. ಸೂರ್ಯನನ್ನು ಕಾಣಲಾರದ ಕಣ್ಣುಗಳಿಂದ ಸೂರ್ಯನನ್ನು ಹೊಗಳಿದವರು ಅವರು. ಬಿಸಿಲು ನೆತ್ತಿ ಸುಡುವ ನಾಡಿನ ಮಕ್ಕಳಿಗೆ ಅವರಿಗಿಂತ ತಕ್ಕ ಗುರು ದೊರೆಯುವುದು ಅಪರೂಪ.

ಅವರನ್ನು ಗೌರವಿಸಲು ಮತ ಬದಲಿಸಬೇಕಾಗಿಲ್ಲ, ಕಾವಿ ಉಡಬೇಕಾಗಿಲ್ಲ. ಬೇಸಗೆಯಲ್ಲಿ ಹಕ್ಕಿಗಳಿಗೆ ಒಂದು ಮಡಕೆ ನೀರಿಡುವುದು, ಬುಡಸಮೇತ ಮರ ಕಡಿಯದಿರುವುದು, ಎಲ್ಲರೂ ದೂರವಿಟ್ಟವನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವುದು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಆಗುವ ಕೆಲಸಗಳು. ಈ ಮೂರರಲ್ಲಿ ಫ್ರಾನ್ಸಿಸರು ಮೊದಲು ಕಲಿತದ್ದು ಕೊನೆಯದನ್ನು ಎಂಬುದು ಅವರಿಗೆ ನೆನಪಿರಲಿ. ಸುವರ್ಣ ಮಹೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ಮಕ್ಕಳು ನೆಲ, ಜಲ, ಜೀವಿಗಳಿಗೆಲ್ಲ ಒಡಹುಟ್ಟಿದವರಾಗಿ ಬಾಳಲೆಂದು ಹಾರೈಸೋಣ.